ಶಿವಮೊಗ್ಗದಿಂದ ಬೀದರ್‌ಗೆ ಆಕಾಶಮಾರ್ಗ: ದೂರ ಒಂದೇ, ಸಮಯ ಮಾತ್ರ ಮೂರು ಬಗೆ ಏಕೆ?

ಪ್ರಶ್ನೆ: ನಾನು ಬೆಂಗಳೂರಿನ ಬನಶಂಕರಿ ನಿವಾಸಿ. ತಾಯಿ ಶಿವಮೊಗ್ಗದಲ್ಲಿದ್ದಾರೆ, ತಮ್ಮ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದಾನೆ. ಎಪ್ಪತ್ತು ದಾಟಿದ ತಾಯಿಯನ್ನು ವಿಮಾನದಲ್ಲಿ ಅವನ ಮನೆಗೆ ಕಳುಹಿಸುವ ಯೋಚನೆಯಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಒಂದು ಜಾಲತಾಣದಲ್ಲಿ 491 ಕಿ.ಮೀ., ಇನ್ನೊಂದರಲ್ಲಿ 493 ಕಿ.ಮೀ. ಎಂದಿದೆ. ಹಾರಾಟದ ಸಮಯವನ್ನು ಒಂದು ತಾಣ 37 ನಿಮಿಷ ಎಂದರೆ ಮತ್ತೊಂದು 1 ಗಂಟೆ 7 ನಿಮಿಷ ಎನ್ನುತ್ತದೆ. ಟಿಕೆಟ್ ಮಾರುವ ತಾಣವಂತೂ ಏಳು ಗಂಟೆಗೂ ಹೆಚ್ಚು ತೋರಿಸುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ದೂರದ ವಿಷಯದಲ್ಲಿ ಎರಡು ತಾಣಗಳನ್ನೂ ನಂಬಬಹುದು. ಸಮಯದ ವಿಷಯದಲ್ಲಿ ನಿಮ್ಮ ತಾಯಿಯವರ ಪಾಲಿಗೆ ನಿಜವಾಗುವುದು ಟಿಕೆಟ್ ಮಾರುವ ತಾಣ ಹೇಳಿದ ಏಳು ಗಂಟೆ ಮಾತ್ರ. ಏಕೆಂದರೆ ಶಿವಮೊಗ್ಗ ಮತ್ತು ಬೀದರ್ ನಡುವೆ ನೇರ ವಿಮಾನವಿಲ್ಲ. ಉಳಿದ ಎರಡು ತಾಣಗಳು ಇಲ್ಲದ ವಿಮಾನವೊಂದರ ಸಮಯವನ್ನು ಲೆಕ್ಕಹಾಕಿ ಕೊಟ್ಟಿವೆ. ಹಾಗೆಂದು ಅವುಗಳ ಲೆಕ್ಕ ಸಂಪೂರ್ಣ ವ್ಯರ್ಥವೂ ಅಲ್ಲ. ಅದು ಹೇಗೆ ಹುಟ್ಟಿತು, ಎಲ್ಲಿ ಸರಿ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ರಾಜ್ಯದ ಯಾವುದೇ ಎರಡು ಸಣ್ಣ ನಿಲ್ದಾಣಗಳ ನಡುವಿನ ಪ್ರಯಾಣವನ್ನು ನೀವೇ ಅಂದಾಜು ಮಾಡಿಕೊಳ್ಳಬಹುದು.

ಮೊದಲು ದೂರವನ್ನು ನೋಡೋಣ. ಶಿವಮೊಗ್ಗದ ನಿಲ್ದಾಣ ಇರುವುದು ಸೋಗಾನೆಯಲ್ಲಿ, ಅಂದರೆ ಸುಮಾರು 13.85 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75.61 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೀದರ್‌ನ ನಿಲ್ದಾಣ ಸುಮಾರು 17.91 ಡಿಗ್ರಿ ಉತ್ತರ ಮತ್ತು 77.49 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದಲ್ಲಿ ಇರುವ ವ್ಯತ್ಯಾಸ ನಾಲ್ಕು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 110.7 ಕಿ.ಮೀ., ಆದ್ದರಿಂದ ಬೀದರ್ ಶಿವಮೊಗ್ಗಕ್ಕಿಂತ ಸುಮಾರು 449 ಕಿ.ಮೀ. ಉತ್ತರಕ್ಕಿದೆ. ರೇಖಾಂಶದ ವ್ಯತ್ಯಾಸ 1.88 ಡಿಗ್ರಿ; ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ 16 ಡಿಗ್ರಿ ಅಕ್ಷಾಂಶದ ಬಳಿ ಒಂದು ಡಿಗ್ರಿಗೆ ಸುಮಾರು 107 ಕಿ.ಮೀ. ಮಾತ್ರ ಬರುತ್ತದೆ, ಹಾಗಾಗಿ ಬೀದರ್ ಸುಮಾರು 201 ಕಿ.ಮೀ. ಪೂರ್ವಕ್ಕಿದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರವನ್ನು ಈ ಎರಡು ಅಂಕಿಗಳಿಗೆ ಹಚ್ಚಿದರೆ 491ರ ಆಸುಪಾಸಿನ ಉತ್ತರವೇ ಬರುತ್ತದೆ. ಇಷ್ಟು ಕಡಿಮೆ ದೂರಕ್ಕೆ ಗೋಲೀಯ ತ್ರಿಕೋನಮಿತಿಯ ಅಗತ್ಯವೇ ಬೀಳುವುದಿಲ್ಲ. ವಿಮಾನಯಾನದ ಅಳತೆಯಲ್ಲಿ ಹೇಳುವುದಾದರೆ ಇದು 265 ನಾಟಿಕಲ್ ಮೈಲಿ; ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್.

ಹಾಗಾದರೆ ಇನ್ನೊಂದು ತಾಣದ 493 ಎಲ್ಲಿಂದ ಬಂತು? ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪರಿಪೂರ್ಣ ಗೋಳವೆಂದು ಭಾವಿಸಿ ಲೆಕ್ಕ ಹಾಕುವ ತಾಣಗಳು 493 ಎನ್ನುತ್ತವೆ. ಭೂಮಿ ನಿಜಕ್ಕೂ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ, ಸಮಭಾಜಕದ ತ್ರಿಜ್ಯ 6,378 ಕಿ.ಮೀ. ಆದರೆ ಧ್ರುವದ ತ್ರಿಜ್ಯ 6,357 ಕಿ.ಮೀ.; ಇದನ್ನು ಗಣನೆಗೆ ತೆಗೆದುಕೊಳ್ಳುವ ತಾಣಗಳು 491 ಎನ್ನುತ್ತವೆ. ಎರಡರಲ್ಲಿ 491 ಹೆಚ್ಚು ನಿಖರ, ಆದರೆ ಈ ಎರಡು ಕಿ.ಮೀ.ಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಮಾನ ಇಳಿಯುವ ಮೊದಲು ರನ್‌ವೇಯ ನೇರಕ್ಕೆ ಬರಲು ತೆಗೆದುಕೊಳ್ಳುವ ಒಂದು ತಿರುವೇ ಅದಕ್ಕಿಂತ ಹೆಚ್ಚಿನ ದೂರವನ್ನು ನುಂಗಿಬಿಡುತ್ತದೆ.

ಭೂಮಿಯ ದುಂಡಗಿನ ಆಕಾರ ಮುಖ್ಯವಾಗುವುದು ದೀರ್ಘ ಹಾರಾಟಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ 2021ರ ಜನವರಿಯಲ್ಲಿ ಆರಂಭವಾದ ತಡೆರಹಿತ ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾರಿ ಬಂದದ್ದು ನಿಮಗೆ ನೆನಪಿರಬಹುದು. ಸುಮಾರು 14,000 ಕಿ.ಮೀ. ಅಂತರದ ಆ ಎರಡು ಊರುಗಳ ನಡುವೆ ಗೋಡೆಯ ನಕಾಶೆಯ ಮೇಲೆ ಎಳೆದ ಸರಳ ರೇಖೆಗೂ ನಿಜವಾದ ಅತಿ ಹತ್ತಿರದ ದಾರಿಗೂ ಸಂಬಂಧವೇ ಇರುವುದಿಲ್ಲ. ಶಿವಮೊಗ್ಗ–ಬೀದರ್‌ನಂತಹ ಹೆಚ್ಚುಕಡಿಮೆ ದಕ್ಷಿಣೋತ್ತರ ದಾರಿಯಲ್ಲಿ ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೂ ಸಾಕು. ಆ ಗೆರೆ ನೇರ ಉತ್ತರಕ್ಕಿಂತ ಸುಮಾರು 24 ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ.

ಈಗ ಸಮಯಕ್ಕೆ ಬರೋಣ. ಗೊಂದಲವೆಲ್ಲ ಇರುವುದು ಇಲ್ಲಿಯೇ. 37 ನಿಮಿಷ ಎಂದ ತಾಣ ಮಾಡಿರುವುದು ಬರೀ ಭಾಗಾಕಾರ: 491 ಕಿ.ಮೀ.ಯನ್ನು ಜೆಟ್ ವಿಮಾನದ ವೇಗವೆಂದು ಹೇಳಲಾಗುವ ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿದೆ. ಒಂದು ಗಂಟೆ ಏಳು ನಿಮಿಷ ಎಂದ ತಾಣ ಅದೇ ಭಾಗಲಬ್ಧಕ್ಕೆ ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿದೆ. ಮೊದಲನೆಯದು ಯಾವ ವಿಮಾನಕ್ಕೂ ಸಾಧ್ಯವಾಗದ ಸಮಯ. ಎರಡನೆಯದು ಒರಟಾದರೂ ಕೆಲಸಕ್ಕೆ ಬರುವ ಅಂದಾಜು, ಆದರೆ ಅದು ಹುಟ್ಟಿದ್ದು ಜೆಟ್ ವಿಮಾನಗಳಿಗಾಗಿ. ನಮ್ಮ ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವ ಎಟಿಆರ್ ವಿಮಾನಗಳಿಗೆ ಅದು ಒಗ್ಗುವುದಿಲ್ಲ.

ಎಟಿಆರ್ 72 ಎಂಬುದು ರೆಕ್ಕೆಯ ಎರಡೂ ಬದಿಗೆ ತಿರುಗುವ ಪ್ರೊಪೆಲರ್‌ಗಳಿರುವ ಟರ್ಬೊಪ್ರಾಪ್ ವಿಮಾನ. ಗರಿಷ್ಠ 25,000 ಅಡಿ ಎತ್ತರಕ್ಕೆ ಅದಕ್ಕೆ ಪರವಾನಗಿ ಇದ್ದರೂ ಇಂತಹ ಕಿರುದಾರಿಗಳಲ್ಲಿ ಸಾಮಾನ್ಯವಾಗಿ 20,000 ಅಡಿಯ ಒಳಗೇ ಹಾರುತ್ತದೆ, ಸಮತಟ್ಟು ಹಾರಾಟದಲ್ಲಿ ಗಂಟೆಗೆ ಸುಮಾರು 500 ಕಿ.ಮೀ. ಕ್ರಮಿಸುತ್ತದೆ. ಶಿವಮೊಗ್ಗದಿಂದ ಬೀದರ್‌ಗೆ ಅಂತಹ ವಿಮಾನವೊಂದು ಹೊರಟಿತೆಂದು ಇಟ್ಟುಕೊಂಡು ವಿಮಾನಯಾನ ಸಂಸ್ಥೆಯಲ್ಲಿ ಹಾರಾಟದ ಯೋಜನೆ ಸಿದ್ಧಪಡಿಸುವ ಡಿಸ್ಪ್ಯಾಚ್ ಕಚೇರಿಯಲ್ಲಿ ಮಾಡುವ ರೀತಿಯಲ್ಲಿ ಲೆಕ್ಕ ಹಾಕೋಣ. ಬೇಕಾದ ಎತ್ತರ ತಲುಪಲು 18 ನಿಮಿಷ ಬೇಕು, ಅಷ್ಟರಲ್ಲಿ ಸುಮಾರು 110 ಕಿ.ಮೀ. ಸಾಗಿರುತ್ತದೆ. ಬೀದರ್ ಇನ್ನೂ 95 ಕಿ.ಮೀ. ದೂರವಿರುವಾಗಲೇ ಇಳಿಯಲು ಆರಂಭಿಸುತ್ತದೆ, ಅದಕ್ಕೆ 14 ನಿಮಿಷ. ನಡುವೆ ಉಳಿಯುವ 285 ಕಿ.ಮೀ. ಸಮತಟ್ಟು ಹಾರಾಟಕ್ಕೆ 34 ನಿಮಿಷ. ರನ್‌ವೇಗೆ ಹೊಂದಿಕೊಳ್ಳುವ ತಿರುವುಗಳಿಗೆ ಐದಾರು ನಿಮಿಷ. ಒಟ್ಟು ಆಕಾಶದಲ್ಲಿ ಕಳೆಯುವುದು ಒಂದು ಗಂಟೆ ಹತ್ತು–ಹನ್ನೆರಡು ನಿಮಿಷ. ಎರಡೂ ಕಡೆ ನೆಲದ ಮೇಲೆ ಉರುಳುವ ಸಮಯ ಎಂಟು ನಿಮಿಷ ಸೇರಿಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷ.

ಇದೇ ದಾರಿಯಲ್ಲಿ 76 ಆಸನಗಳ ಎಂಬ್ರೇಯರ್ 175 ಜೆಟ್ ಹೊರಟರೆ? ಅದರ ಸಮತಟ್ಟು ವೇಗ ಗಂಟೆಗೆ 800 ಕಿ.ಮೀ. ಮುಟ್ಟುತ್ತದೆ, ಅಂದರೆ ಎಟಿಆರ್‌ಗಿಂತ ಶೇಕಡಾ 60ರಷ್ಟು ಹೆಚ್ಚು. ಆದರೆ ಅದು 30,000 ಅಡಿಯವರೆಗೆ ಏರಬೇಕು, ಅಲ್ಲಿಂದ ಇಳಿಯಬೇಕು. ಏರಲು 15 ನಿಮಿಷ ಮತ್ತು 160 ಕಿ.ಮೀ., ಇಳಿಯಲು 18 ನಿಮಿಷ ಮತ್ತು 170 ಕಿ.ಮೀ. ಹೋದರೆ ತನ್ನ ಪೂರ್ಣ ವೇಗವನ್ನು ತೋರಿಸಲು ಅದಕ್ಕೆ ಉಳಿಯುವುದು ಕೇವಲ 160 ಕಿ.ಮೀ., ಅಂದರೆ 12 ನಿಮಿಷ. ತಿರುವು ಮತ್ತು ನೆಲದ ಓಟ ಸೇರಿ ಒಟ್ಟು ಒಂದು ಗಂಟೆ. ಶೇಕಡಾ 60ರಷ್ಟು ಹೆಚ್ಚು ವೇಗದ ವಿಮಾನ ಉಳಿಸಿಕೊಡುವುದು ಬರೀ ಇಪ್ಪತ್ತು ನಿಮಿಷ. ಐನೂರು ಕಿ.ಮೀ. ಒಳಗಿನ ಹಾರಾಟಗಳ ಸ್ವಭಾವವೇ ಇದು: ಪ್ರಯಾಣದ ಬಹುಪಾಲು ಹತ್ತುವುದರಲ್ಲಿ ಮತ್ತು ಇಳಿಯುವುದರಲ್ಲಿ ಕಳೆಯುತ್ತದೆ, ವಿಮಾನದ ಹೆಸರಿಗೆ ಅಂಟಿಕೊಂಡ ವೇಗ ಕೆಲಸಕ್ಕೆ ಬರುವುದು ನಡುವಿನ ಒಂದು ತುಣುಕಿನಲ್ಲಿ ಮಾತ್ರ. ನಾನು ಇಲ್ಲಿ ಕೊಟ್ಟ ನಿಮಿಷಗಳು ಆ ದಿನದ ತೂಕ ಮತ್ತು ಉಷ್ಣಾಂಶಕ್ಕೆ ತಕ್ಕಂತೆ ಎರಡು–ಮೂರು ಅತ್ತಿತ್ತ ಆಗಬಹುದು, ಅದಕ್ಕಿಂತ ಹೆಚ್ಚಾಗಿ ಅಲ್ಲ.

ಈ ಲೆಕ್ಕವನ್ನು ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಹೈದರಾಬಾದ್‌ನ ಶಂಷಾಬಾದ್ ನಿಲ್ದಾಣದಿಂದ ಶಿವಮೊಗ್ಗಕ್ಕೆ ಇರುವ ನೇರ ದೂರ ಸುಮಾರು 481 ಕಿ.ಮೀ., ನಿಮ್ಮ ದಾರಿಗಿಂತ ಹತ್ತೇ ಕಿ.ಮೀ. ಕಡಿಮೆ. ಆ ಎರಡು ಊರುಗಳ ನಡುವೆ ವಿಮಾನಗಳು ಓಡಾಡಿವೆ. ಅಲ್ಲಿ ಯಾವ ಮಾದರಿಯ ವಿಮಾನಕ್ಕೆ ವೇಳಾಪಟ್ಟಿ ಎಷ್ಟು ಸಮಯ ಕೊಡುತ್ತದೋ, ಶಿವಮೊಗ್ಗ–ಬೀದರ್ ನಡುವೆ ಮುಂದೆಂದಾದರೂ ನೇರ ವಿಮಾನ ಬಂದರೆ ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ. ಯಾವುದೇ ಸೂತ್ರಕ್ಕಿಂತ ಇಂತಹ ಸಮಾನ ದೂರದ ಚಾಲ್ತಿ ಮಾರ್ಗವೇ ಉತ್ತಮ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯೂ ಹೀಗೆ ದೂರವನ್ನು ಸಮಯಕ್ಕೆ ಜೋಡಿಸಿದೆ. 2016ರಲ್ಲಿ ರೂಪುಗೊಂಡು 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ವಿಮಾನದೊಂದಿಗೆ ಚಾಲನೆ ಪಡೆದ ಆ ಯೋಜನೆ ಆರಂಭದಲ್ಲಿ ವಿಮಾನದ ಅರ್ಧದಷ್ಟು ಆಸನಗಳಿಗೆ ದರದ ಮಿತಿ ಹಾಕಿತು. ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬುದು ಆ ಮಿತಿ. ನಿಮ್ಮ 491 ಕಿ.ಮೀ. ಸರಿಯಾಗಿ ಆ ಗೆರೆಯ ಮೇಲೆ ಬಂದು ನಿಲ್ಲುತ್ತದೆ.

ಗಾಳಿಯ ಪಾತ್ರವೇನು ಎಂದು ಕೆಲವರು ಕೇಳುತ್ತಾರೆ. ಮುಂಗಾರಿನಲ್ಲಿ ನಮ್ಮ ಮೇಲೆ ಪಶ್ಚಿಮದಿಂದ ಬಲವಾದ ಗಾಳಿ ಬೀಸುವುದು ನಿಜ, ಆದರೆ ಅದರ ಜೋರೆಲ್ಲ ನೆಲದಿಂದ ಒಂದೂವರೆ–ಎರಡು ಕಿ.ಮೀ. ಎತ್ತರದಲ್ಲಿ ಕೇಂದ್ರೀಕೃತವಾಗಿರುತ್ತದೆ; ಮೇಲೆ ಹೋದಂತೆ ಅದು ಕುಗ್ಗಿ, ಸುಮಾರು ಆರು ಕಿ.ಮೀ. ದಾಟಿದ ಮೇಲೆ ದಿಕ್ಕು ಬದಲಿಸಿ ಪೂರ್ವದ ಗಾಳಿಯಾಗುತ್ತದೆ. ಎಟಿಆರ್ ಹಾರುವ ಎತ್ತರ ಈ ಬದಲಾವಣೆಯ ವಲಯಕ್ಕೆ ಹತ್ತಿರವಿರುವುದರಿಂದ ಅದಕ್ಕೆ ತಗಲುವ ಗಾಳಿ ಸೌಮ್ಯವಾಗಿರುತ್ತದೆ. ಜೊತೆಗೆ ನಿಮ್ಮ ದಾರಿ ಉತ್ತರಾಭಿಮುಖವಾದದ್ದರಿಂದ ಪಶ್ಚಿಮದ ಗಾಳಿ ಅದಕ್ಕೆ ಬಹುತೇಕ ಪಕ್ಕದಿಂದ ತಾಕುತ್ತದೆ. ಗಂಟೆಗೆ 40 ಕಿ.ಮೀ. ಪಶ್ಚಿಮದ ಗಾಳಿ ಇದ್ದರೆ ಅದರಲ್ಲಿ ವಿಮಾನವನ್ನು ಹಿಂದಿನಿಂದ ತಳ್ಳುವ ಅಂಶ ಕೇವಲ 16 ಕಿ.ಮೀ.; ಅದರಿಂದ ಉಳಿಯುವುದು ಒಂದು ನಿಮಿಷ. ಯುರೋಪ್ ಅಥವಾ ಅಮೆರಿಕದ ಪ್ರಯಾಣದಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಎಂದು ಗಂಟೆಗಟ್ಟಲೆ ವ್ಯತ್ಯಾಸ ಕಂಡವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳಬಾರದು.

ನೇರ ವಿಮಾನದ ಮಾತು ಇಷ್ಟು ಸಾಕು. ನಿಮ್ಮ ತಾಯಿಯವರು ಈಗ ಹೋಗಬೇಕಾದ ದಾರಿ ಬೆಂಗಳೂರಿನ ಮೂಲಕ. ಸೋಗಾನೆಯಿಂದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ದೂರ 238 ಕಿ.ಮೀ., ಅಲ್ಲಿಂದ ಬೀದರ್‌ಗೆ 522 ಕಿ.ಮೀ. ಬೀದರ್ ಇರುವುದು ದೇವನಹಳ್ಳಿಯ ನಿಲ್ದಾಣದಿಂದ ಬಹುತೇಕ ನೇರ ಉತ್ತರಕ್ಕೆ. ಎರಡೂ ತುಂಡು ಸೇರಿ 760 ಕಿ.ಮೀ.; ನೇರ ದಾರಿಗಿಂತ 269 ಕಿ.ಮೀ. ಹೆಚ್ಚು. ಈ ಹೆಚ್ಚುವರಿ ದೂರವನ್ನು ಹಾರಲು ಅರ್ಧ ಗಂಟೆ ಸಾಕು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ವಿಮಾನ ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ಅದೂ ದಟ್ಟಣೆಯ ನಿಲ್ದಾಣವೊಂದನ್ನು ನಡುವೆ ಇಟ್ಟುಕೊಂಡು.

ಶಿವಮೊಗ್ಗ–ಬೆಂಗಳೂರು ತುಂಡನ್ನೇ ನೋಡಿ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಸೋಗಾನೆಯ ರಾಷ್ಟ್ರಕವಿ ಕುವೆಂಪು ನಿಲ್ದಾಣದಲ್ಲಿ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಎಟಿಆರ್ ಬಂದಿಳಿಯುವುದರೊಂದಿಗೆ ಪ್ರಯಾಣಿಕ ಸೇವೆ ಆರಂಭವಾಯಿತು. ಜಾಲತಾಣಗಳ ಸೂತ್ರ ಈ 238 ಕಿ.ಮೀ.ಗೆ 48 ನಿಮಿಷ ಎನ್ನುತ್ತದೆ. ವೇಳಾಪಟ್ಟಿ ಸಾಮಾನ್ಯವಾಗಿ ಒಂದು ಗಂಟೆಗೂ ಮೇಲೆ ಇಡುತ್ತದೆ. ಅಷ್ಟು ಹೆಚ್ಚು ಇಡಲು ಕಾರಣ ಬೆಂಗಳೂರು. ಇಲ್ಲಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಪೂರ್ವದ ಗಾಳಿ ಬೀಸುವ ಚಳಿಗಾಲದಲ್ಲಿ ಶಿವಮೊಗ್ಗದಿಂದ ಬರುವ ವಿಮಾನ ದೊಡ್ಡಬಳ್ಳಾಪುರದ ಕಡೆಯಿಂದ ಹೆಚ್ಚುಕಡಿಮೆ ನೇರವಾಗಿ ರನ್‌ವೇಗೆ ಬಂದುಬಿಡಬಹುದು. ಮುಂಗಾರಿನಲ್ಲಿ ಗಾಳಿ ಪಶ್ಚಿಮಕ್ಕೆ ತಿರುಗಿದಾಗ ಅದೇ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ, ಕೋಲಾರದ ದಿಕ್ಕಿಗೆ ಹೋಗಿ, ಸುತ್ತಿಕೊಂಡು ಮರಳಿ ಪಶ್ಚಿಮಾಭಿಮುಖವಾಗಿ ಇಳಿಯಬೇಕು. ಇದಕ್ಕೆ ಎಂಟು–ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಜೊತೆಗೆ ದೆಹಲಿ, ಮುಂಬೈಗಳಿಂದ ಬರುವ ಜೆಟ್‌ಗಳ ಸಾಲಿನಲ್ಲಿ ನಿಧಾನಗತಿಯ ಎಟಿಆರ್‌ಗೆ ಜಾಗ ಮಾಡಿಕೊಡುವುದು ವಿಮಾನ ಸಂಚಾರ ನಿಯಂತ್ರಿಸುವ ಎಟಿಸಿಯವರಿಗೂ ಸುಲಭವಲ್ಲ, ಕಾಯಿಸುವುದೂ ಉಂಟು. ಇಳಿದ ಮೇಲೆ ನಿಲುಗಡೆಯ ಜಾಗಕ್ಕೆ ಹೋಗುವ ಹಾದಿಯೂ ಇಲ್ಲಿ ಉದ್ದ. ಸೋಗಾನೆಯಲ್ಲಿ ಹೊರಡುವ ವಿಮಾನ ಎರಡು–ಮೂರು ನಿಮಿಷದಲ್ಲಿ ರನ್‌ವೇ ಸೇರಿದರೆ ಬೆಂಗಳೂರಿನಲ್ಲಿ ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಅದಕ್ಕೇ ಹದಿನೈದು–ಇಪ್ಪತ್ತು ನಿಮಿಷ ಹೋಗುತ್ತದೆ.

ಟಿಕೆಟಿನ ಮೇಲೆ ಕಾಣುವ ಸಮಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಆಕಾಶದಲ್ಲಿ ಕಳೆಯುವ ಸಮಯವಲ್ಲ. ವಿಮಾನದ ಚಕ್ರದಡಿಯ ತಡೆಯನ್ನು ತೆಗೆದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಮತ್ತೆ ತಡೆ ಇಡುವವರೆಗಿನ ಸಮಯ, ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುವುದು ಇದಕ್ಕೇ. ನಿಗದಿಗಿಂತ ಹದಿನೈದು ನಿಮಿಷದೊಳಗೆ ಇದ್ದರೆ ವಿಮಾನವನ್ನು ಸಕಾಲದ್ದೆಂದು ಎಣಿಸುವ ಪದ್ಧತಿ ಇರುವುದರಿಂದ, ಸಂಸ್ಥೆಗಳು ಕೆಟ್ಟ ದಿನಗಳನ್ನೂ ಗಮನದಲ್ಲಿಟ್ಟುಕೊಂಡು ಸ್ವಲ್ಪ ಧಾರಾಳವಾಗಿಯೇ ಬ್ಲಾಕ್ ಟೈಮ್ ಬರೆಯುತ್ತವೆ. ನಿಮ್ಮ ವಿಮಾನ ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬಂದಿತೆಂದು ಪೈಲಟ್ ಘೋಷಿಸಿದಾಗ ಅದರಲ್ಲಿ ಗಾಳಿಯ ಉಪಕಾರಕ್ಕಿಂತ ವೇಳಾಪಟ್ಟಿಯ ಧಾರಾಳವೇ ಹೆಚ್ಚು. ಇದನ್ನು ನಾನು ಮೋಸವೆಂದು ಕರೆಯುವುದಿಲ್ಲ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಜಿಪುಣ ವೇಳಾಪಟ್ಟಿಗಿಂತ ಧಾರಾಳ ವೇಳಾಪಟ್ಟಿಯೇ ಮೇಲು.

ಬೀದರ್‌ನ ತುಂಡಿಗೆ ಇನ್ನೊಂದು ವಿಶೇಷವಿದೆ. ಬೀದರ್‌ನದು ಭಾರತೀಯ ವಾಯುಪಡೆಯ ನಿಲ್ದಾಣ; ಹಾಕ್ ತರಬೇತಿ ವಿಮಾನಗಳೂ ಸೂರ್ಯಕಿರಣ ಕಸರತ್ತಿನ ತಂಡವೂ ಇರುವ ನೆಲೆ. 2020ರ ಫೆಬ್ರುವರಿಯಲ್ಲಿ ಅಲ್ಲಿ ನಾಗರಿಕ ಟರ್ಮಿನಲ್ ಆರಂಭವಾಗಿ ಬೆಂಗಳೂರಿಗೆ ವಿಮಾನ ಹಾರಿತು, ನಡುವೆ ಆ ಸಂಪರ್ಕ ಕಡಿದುಹೋಗಿ ಮತ್ತೆ ಕೂಡಿಕೊಂಡಿತು. ರನ್‌ವೇ ಮತ್ತು ಅದರ ಮೇಲಿನ ಆಕಾಶ ವಾಯುಪಡೆಯ ನಿಯಂತ್ರಣದಲ್ಲಿರುವುದರಿಂದ ಪ್ರಯಾಣಿಕ ವಿಮಾನಗಳು ಅವರು ಒಪ್ಪಿದ ವೇಳೆಯಲ್ಲಿಯೇ ಬಂದುಹೋಗಬೇಕು. ಬೆಂಗಳೂರಿನಲ್ಲಿ ವಿಮಾನ ಒಂದು ಗಂಟೆ ತಡವಾದರೆ ಮುಂಬೈಗೆ ಹೋಗುವವರು ಒಂದು ಗಂಟೆ ತಡವಾಗಿ ತಲುಪುತ್ತಾರೆ, ಅಷ್ಟೆ. ಬೀದರ್‌ನಂತಹ ಕಡೆ ತಡವಾದ ವಿಮಾನಕ್ಕೆ ನಿಗದಿತ ವೇಳೆಯೇ ಮುಗಿದುಹೋಗಿ ಹಾರಾಟ ರದ್ದಾಗುವ ಅಪಾಯವೂ ಇರುತ್ತದೆ. 522 ಕಿ.ಮೀ.ಯ ಈ ತುಂಡಿಗೆ ಜೆಟ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು, ಎಟಿಆರ್ ಆದರೆ ಒಂದೂವರೆ ಗಂಟೆಗೆ ಹತ್ತಿರ ಎಂದು ಇಟ್ಟುಕೊಳ್ಳಿ.

ಆದರೆ ಏಳು ಗಂಟೆಯಲ್ಲಿ ಹಾರಾಟದ ಪಾಲು ಎರಡೂವರೆ ಗಂಟೆ ಮಾತ್ರ. ಉಳಿದ ಸಮಯವೆಲ್ಲ ಬೆಂಗಳೂರಿನ ನೆಲದ ಮೇಲೆ ಹೋಗುತ್ತದೆ. ಎರಡು ತುಂಡುಗಳನ್ನು ಬೇರೆ ಬೇರೆ ಸಂಸ್ಥೆಗಳು ಹಾರಿಸುವಾಗ ಟಿಕೆಟ್ ಕೂಡ ಬೇರೆಯಾಗುತ್ತದೆ. ಆಗ ನಿಮ್ಮ ತಾಯಿಯವರು ಬೆಂಗಳೂರಿನಲ್ಲಿ ಹೊರಗೆ ಬಂದು ತಮ್ಮ ಪೆಟ್ಟಿಗೆಯನ್ನು ತೆಗೆದುಕೊಂಡು, ಮತ್ತೆ ಒಳಗೆ ಹೋಗಿ ಅದನ್ನು ಹೊಸದಾಗಿ ಕೊಡಬೇಕು, ಭದ್ರತಾ ತಪಾಸಣೆಯನ್ನೂ ಮತ್ತೆ ದಾಟಬೇಕು. ಒಂದು ವಿಮಾನ ಮೊದಲ ಟರ್ಮಿನಲ್‌ಗೆ ಬಂದು ಇನ್ನೊಂದು ಎರಡನೆಯ ಟರ್ಮಿನಲ್‌ನಿಂದ ಹೊರಡುವುದಾದರೆ ನಡುವೆ ಶಟಲ್ ಬಸ್ ಹತ್ತಬೇಕು. ದೇಶೀಯ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಟಿಕೆಟ್ ಬೇರೆ ಬೇರೆಯಾದ್ದರಿಂದ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇರುವುದಿಲ್ಲ. ಹಾಗಾಗಿ ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಅಂತರವಿರುವ ಜೋಡಿಯನ್ನು, ಅದು ಎಷ್ಟೇ ಅಗ್ಗವಾಗಿದ್ದರೂ, ನಾನು ಒಪ್ಪುವುದಿಲ್ಲ. ಮುಂಗಾರಿನಲ್ಲಿ ನಾಲ್ಕು ಗಂಟೆ ಇರಲಿ. ಮಲೆನಾಡಿನ ಮಳೆ, ಮಂಜು ಮತ್ತು ತಗ್ಗಿನ ಮೋಡ ಸೋಗಾನೆಯ ವಿಮಾನಗಳನ್ನು ಕಾಡುವ ಕಾಲವದು. ಇಳಿಯಲಾಗದ ವಿಮಾನ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದರೆ ಸೋಗಾನೆಯಿಂದ ಅದು ಮರಳಿ ಹೊರಡಬೇಕಾದದ್ದೂ ತಪ್ಪಿದಂತೆಯೇ.

ಇವೆಲ್ಲವನ್ನೂ ಕೂಡಿಸಿದಾಗ ಶಿವಮೊಗ್ಗದ ಮನೆಯ ಬಾಗಿಲಿನಿಂದ ಬೀದರ್‌ನ ಮನೆಯ ಬಾಗಿಲಿಗೆ ಎಂಟರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ರಸ್ತೆಯ ದಾರಿ ಚಿತ್ರದುರ್ಗ, ಹೊಸಪೇಟೆ, ಕಲಬುರಗಿಗಳ ಕಡೆಯಿಂದ ಹೆಚ್ಚುಕಡಿಮೆ 600 ಕಿ.ಮೀ.; ಕಾರಿನಲ್ಲಿ ಊಟ, ವಿಶ್ರಾಂತಿ ಸೇರಿ ಹನ್ನೆರಡು ಗಂಟೆಯ ಪ್ರಯಾಣ. ವಿಮಾನ ಉಳಿಸುವುದು ಮೂರು–ನಾಲ್ಕು ಗಂಟೆ, ಆದರೆ ಎಪ್ಪತ್ತು ದಾಟಿದವರಿಗೆ ಹನ್ನೆರಡು ಗಂಟೆ ಕಾರಿನಲ್ಲಿ ಕುಳಿತಿರುವ ಬೆನ್ನುನೋವನ್ನೂ ಅದು ಉಳಿಸುತ್ತದೆ ಎಂಬುದನ್ನು ನಿಮಿಷಗಳ ಲೆಕ್ಕ ತೋರಿಸುವುದಿಲ್ಲ.

ಇನ್ನೊಂದು ದಾರಿಯನ್ನೂ ತೂಗಿ ನೋಡಿ. ಶಿವಮೊಗ್ಗದಿಂದ ಹೈದರಾಬಾದ್‌ಗೆ ಆ ದಿನ ವಿಮಾನವಿದ್ದರೆ ಒಂದೇ ಹಾರಾಟ ಸಾಕು. ನಿಮ್ಮ ತಮ್ಮ ಕಾರು ತೆಗೆದುಕೊಂಡು ಶಂಷಾಬಾದ್‌ಗೆ ಬಂದರೆ ಅಲ್ಲಿಂದ ಬೀದರ್ ರಸ್ತೆಯಲ್ಲಿ ಸುಮಾರು 150 ಕಿ.ಮೀ., ಮೂರು ಗಂಟೆಯ ಒಳಗಿನ ದಾರಿ. ಮನೆಯಿಂದ ಮನೆಗೆ ಏಳು ಗಂಟೆಯಲ್ಲಿ ಮುಗಿಯುತ್ತದೆ, ವಿಮಾನ ಬದಲಿಸುವ ಗೋಜಿಲ್ಲ, ಪೆಟ್ಟಿಗೆ ಮತ್ತೆ ಕೊಡುವ ಕೆಲಸವಿಲ್ಲ. ಬೀದರ್‌ನ ಜನ ದೊಡ್ಡ ವಿಮಾನಕ್ಕೆ ಹೈದರಾಬಾದ್‌ಗೆ ಹೋಗುವುದು ಹೊಸದೇನಲ್ಲ. ಆದರೆ ಹೀಗೆ ಹೋದರೆ ತಾಯಿಯವರು ಬೆಂಗಳೂರಿನಲ್ಲಿ ನಿಮ್ಮ ಮನೆಯಲ್ಲಿ ಇಳಿಯುವ ಅವಕಾಶ ತಪ್ಪುತ್ತದೆ. ನನ್ನನ್ನು ಕೇಳಿದರೆ, ಆತುರವಿಲ್ಲದಿದ್ದರೆ ಬೆಂಗಳೂರಿನ ಮೂಲಕವೇ, ಆದರೆ ಎರಡು ದಿನಗಳಲ್ಲಿ: ಜನಶತಾಬ್ದಿ ರೈಲಿನಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಬೆಂಗಳೂರಿಗೆ ಬರಲಿ, ನಿಮ್ಮ ಮನೆಯಲ್ಲಿ ರಾತ್ರಿ ತಂಗಲಿ, ಮರುದಿನ ಬೀದರ್‌ನ ವಿಮಾನ ಹತ್ತಲಿ. ಆಗ ಶಿವಮೊಗ್ಗದ ಮಳೆ ಬೀದರ್‌ನ ಟಿಕೆಟನ್ನು ಕೆಡಿಸುವ ಪ್ರಶ್ನೆಯೇ ಬರುವುದಿಲ್ಲ. ಬನಶಂಕರಿಯಿಂದ ದೇವನಹಳ್ಳಿಗೆ ಹೋಗಲು ಬೇಕಾಗುವ ಸಮಯದ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದ ವಿಮಾನವಾದರೂ ಬೆಳಿಗ್ಗೆಯೇ ಹೊರಡುವುದು ಕ್ಷೇಮ.

ಟಿಕೆಟ್ ಕೊಳ್ಳುವ ಮೊದಲು ದಿನಾಂಕವನ್ನು ನೋಡಿಕೊಳ್ಳಿ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ತಿಂಗಳ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ದೊಡ್ಡ ಊರುಗಳ ನಡುವೆ ಅದರಿಂದ ಹೊತ್ತು ಹತ್ತಿಪ್ಪತ್ತು ನಿಮಿಷ ಸರಿದರೆ ಸಣ್ಣ ನಿಲ್ದಾಣಗಳಲ್ಲಿ ವಾರದ ದಿನಗಳೇ ಬದಲಾಗಬಹುದು, ಕೆಲವೊಮ್ಮೆ ಮಾರ್ಗವೇ ಮಾಯವಾಗಬಹುದು. ದೂರ ಮತ್ತು ಸಮಯ ಲೆಕ್ಕ ಹಾಕುವ ತಾಣಗಳಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಆದ್ದರಿಂದ ಮಾಹಿತಿಯನ್ನು ವಿಮಾನಯಾನ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ, ನೀವು ಹೊರಡುವ ದಿನಾಂಕವನ್ನೇ ಹಾಕಿ ನೋಡಬೇಕು.

ಕೊನೆಯದಾಗಿ ತಾಯಿಯವರ ಅನುಕೂಲದ ಮಾತು. ಸಣ್ಣ ನಿಲ್ದಾಣಗಳಲ್ಲಿ ನೇರವಾಗಿ ವಿಮಾನದೊಳಕ್ಕೆ ನಡೆದು ಹೋಗುವ ಏರೋಬ್ರಿಡ್ಜ್ ಸಿಗುತ್ತದೆಂದು ಎಣಿಸಬೇಡಿ. ನೆಲದಿಂದ ಮೆಟ್ಟಿಲು ಹತ್ತಬೇಕಾಗುತ್ತದೆ. ಎಟಿಆರ್‌ನಲ್ಲಿ ಪ್ರಯಾಣಿಕರು ಹತ್ತುವುದು ಹಿಂಬದಿಯ ಬಾಗಿಲಿನಿಂದ, ಅದರ ಮೆಟ್ಟಿಲು ಕೆಲವೇ. ಜೆಟ್‌ನ ಮೆಟ್ಟಿಲು ಅದಕ್ಕಿಂತ ಎತ್ತರ. ಬೆಂಗಳೂರಿನಲ್ಲಿಯೂ ಸಣ್ಣ ವಿಮಾನಗಳಿಗೆ ಹೆಚ್ಚಾಗಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಮೊಣಕಾಲಿನ ತೊಂದರೆ ಇದ್ದರೆ ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕಾಯ್ದಿರಿಸುವಾಗಲೇ, ತಪ್ಪಿದರೆ ಹೊರಡುವ 48 ಗಂಟೆ ಮೊದಲಾದರೂ ಕೇಳಿಕೊಳ್ಳಿ, ಮತ್ತು ಎರಡು ಟಿಕೆಟ್‌ಗಳಿದ್ದರೆ ಎರಡೂ ಸಂಸ್ಥೆಗಳಿಗೆ ಬೇರೆ ಬೇರೆಯಾಗಿ ತಿಳಿಸಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ.